ಎಲ್ಲ ಅಂಗಡಿಯಲ್ಲೂ ಒಂದೇ ಬೆಲೆ

ಕೇಳುಗರೇ, ನಮಸ್ಕಾರ.

ನಮ್ಮಲ್ಲಿ ಪುಸ್ತಕದ ಹಿಂಬದಿಯಲ್ಲಿ ಅಚ್ಚಾದ ಬೆಲೆಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಕಡಿಮೆಗೆ ಕೊಟ್ಟರೆ ಯಾರ ತಕರಾರೂ ಇಲ್ಲ. ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ಹೊಸ ಪುಸ್ತಕಕ್ಕೆ ಪ್ರಕಾಶಕರು ಇಟ್ಟಿದ್ದೇ ಬೆಲೆ. ಅಂಗಡಿಯವರು ಹೆಚ್ಚೆಂದರೆ ಶೇಕಡಾ 5ರಷ್ಟು ಬಿಡಬಹುದು.

ಕೊಳ್ಳುವವರಿಗೆ ಇದು ಅನ್ಯಾಯ ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು.

1974ರಲ್ಲಿ ಪ್ಯಾರಿಸ್ಸಿನ ಫ್ನ್ಯಾಕ್ ಎಂಬ ದೊಡ್ಡ ಮಳಿಗೆ ಶೇಕಡಾ 20 ಕಡಿತ ಕೊಟ್ಟು ಪುಸ್ತಕ ಮಾರತೊಡಗಿತು. ಸಣ್ಣ ಅಂಗಡಿಯವರಿಗೆ ದಿಗಿಲಾಯಿತು. ಚೆನ್ನಾಗಿ ಓಡುವ ನಾಲ್ಕು ಪುಸ್ತಕಗಳ ಲಾಭದಲ್ಲೇ ಅವರು ಕವಿತೆ, ನಾಟಕ, ಹೊಸಬರ ಮೊದಲ ಕಾದಂಬರಿಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಓಡುವ ಆ ನಾಲ್ಕೂ ದೊಡ್ಡ ಮಳಿಗೆಯ ಪಾಲಾದರೆ, ಉಳಿದವನ್ನು ಸಾಕುವವರು ಯಾರು? ಜೆರೋಮ್ ಲಿಂಡೋನ್ ಎಂಬ ಪ್ರಕಾಶಕರು ಈ ಮಾತನ್ನು ಹಿಡಿದು ಹೋರಾಡಿದರು. 1981ರಲ್ಲಿ ಸಂಸ್ಕೃತಿ ಸಚಿವ ಜ್ಯಾಕ್ ಲಾಂಗ್ ಒಂದೇ ಬೆಲೆಯ ಈ ಕಾನೂನು ತಂದರು.

ಬ್ರಿಟನ್ ಇದಕ್ಕೆ ಪೂರಾ ಉಲ್ಟಾ ನಡೆಯಿತು. ಅಲ್ಲಿ 1900ರಿಂದಲೇ ಪ್ರಕಾಶಕರು ಇಟ್ಟ ಬೆಲೆಗೇ ಮಾರಬೇಕೆಂಬ ಒಪ್ಪಂದವಿತ್ತು. 1995ರಲ್ಲಿ ದೊಡ್ಡ ಪ್ರಕಾಶಕರು ಒಬ್ಬೊಬ್ಬರಾಗಿ ಹೊರಬಂದರು, ಒಪ್ಪಂದ ಮುರಿದುಬಿತ್ತು. 2007ರಲ್ಲಿ ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕ ಬಂತು. ಬೆಲೆ 17.99 ಪೌಂಡ್. ತರಕಾರಿ, ಹಾಲು ಮಾರುವ ಸೂಪರ್‌ಮಾರ್ಕೆಟ್ಟೊಂದು ಅದನ್ನು 5 ಪೌಂಡಿಗೆ ಕೊಟ್ಟಿತು! ನಷ್ಟವಾದರೂ ಅದಕ್ಕೆ ಚಿಂತೆಯಿಲ್ಲ, ಬಂದವರು ದಿನಸಿ ಒಯ್ಯುತ್ತಾರಲ್ಲ. ಬರೀ ಪುಸ್ತಕವನ್ನೇ ನಂಬಿದವರು ಏನು ಮಾಡಬೇಕು? ಒಪ್ಪಂದ ಮುರಿದ ಮೇಲಿನ ಎರಡು ದಶಕಗಳಲ್ಲಿ ಅಲ್ಲಿನ ಸ್ವತಂತ್ರ ಪುಸ್ತಕದಂಗಡಿಗಳು ಅರ್ಧಕ್ಕಿಂತ ಕಡಿಮೆಯಾದವು. ಬಾಡಿಗೆ ಏರಿದ್ದು, ಆನ್‌ಲೈನ್ ಮಾರಾಟ ಬಂದದ್ದೂ ಕಾರಣವೇ. ಎಲ್ಲವನ್ನೂ ರಿಯಾಯಿತಿಯ ತಲೆಗೇ ಕಟ್ಟಲಾರೆ.

ಫ್ರಾನ್ಸಿನ ಓದುಗರು ಜನಪ್ರಿಯ ಪುಸ್ತಕಕ್ಕೆ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ, ನಿಜ. ಕೈ ಬಿಗಿಯಾಗಿರುವ ವಿದ್ಯಾರ್ಥಿಗೆ ಅದು ಭಾರವೇ. ಆದರೆ ಅಲ್ಲಿ ಪೈಪೋಟಿ ಸತ್ತಿಲ್ಲ, ಜಾಗ ಬದಲಿಸಿದೆ. ಯಾರ ಅಂಗಡಿಯಲ್ಲಿ ಒಳ್ಳೆಯ ಆಯ್ಕೆ ಇದೆ, ಯಾರು ಪುಸ್ತಕವನ್ನು ಓದಿ ಹೇಳುತ್ತಾರೆ, ಯಾರು ಬೇಗ ತರಿಸಿಕೊಡುತ್ತಾರೆ ಎನ್ನುವುದರ ಮೇಲೆ ಗಿರಾಕಿ ಬರುತ್ತಾರೆ. ನನಗೆ ಈ ಪೈಪೋಟಿಯೇ ಇಷ್ಟ.

ಹಾಗಂತ ಜಗ್ಗಾಟ ನಿಂತಿಲ್ಲ. 2014ರಲ್ಲಿ ಆನ್‌ಲೈನ್ ಮಾರಾಟಗಾರರು ಪುಸ್ತಕವನ್ನು ಪುಕ್ಕಟೆಯಾಗಿ ಮನೆಗೆ ತಲುಪಿಸಬಾರದು ಎಂದು ಕಾನೂನಾಯಿತು. ಅಮೆಜಾನ್ ಸಾಗಣೆಗೆ 1 ಸೆಂಟ್ ಶುಲ್ಕ ಇಟ್ಟಿತು. ಕಾನೂನಿನ ಅಕ್ಷರ ಉಳಿಯಿತು, ಉದ್ದೇಶ ಹೋಯಿತು. 2023ರ ಅಕ್ಟೋಬರಿನಿಂದ, 35 ಯೂರೋಗಿಂತ ಕಡಿಮೆಯ ಹೊಸ ಪುಸ್ತಕಗಳ ಆರ್ಡರಿಗೆ ಕನಿಷ್ಠ 3 ಯೂರೋ ಸಾಗಣೆ ಶುಲ್ಕ ಕೊಡಬೇಕು. ಪುಸ್ತಕದಂಗಡಿಗೇ ಹೋಗಿ ತೆಗೆದುಕೊಂಡರೆ ಆ ಶುಲ್ಕವಿಲ್ಲ.

ನಮಸ್ಕಾರ.