ಬೊನೇರಾ, ಕೊಜುಮೆಲ್ಲಾ? ಸ್ಕೂಬಾ ರಜೆಗೆ ದುಡ್ಡು ಹಾಕೋ ಮುಂಚೆ ಇದನ್ನ ನೋಡ್ಬಿಡಿ

[ಕ್ಯಾಮೆರಾ ಎದುರಿಗೆ. ಹಿಂದೆ ಬಾಗಿಲಿಗೆ ನೇತುಹಾಕಿರೋ ವೆಟ್‌ಸೂಟ್]

ಎಲ್ರಿಗೂ ನಮಸ್ಕಾರ. ಇಲ್ಲಿ ಹ್ಯೂಸ್ಟನ್‌ನಲ್ಲಿ ನಮ್ಮ ಕನ್ನಡದವ್ರು ಯಾರಾದ್ರೂ ಹೊಸದಾಗಿ ಸ್ಕೂಬಾ ಕಾರ್ಡ್, ಅಂದ್ರೆ ಟ್ಯಾಂಕ್ ಕಟ್ಕೊಂಡು ನೀರೊಳಗೆ ಇಳಿಯೋಕೆ ಕೊಡೋ ಸರ್ಟಿಫಿಕೇಟು, ತಗೊಂಡ್ರೆ ಸಾಕು, ಒಂದೇ ಪ್ರಶ್ನೆ ಹಿಡ್ಕೊಂಡು ಬರ್ತಾರೆ, ಒಂದು ವಾರ ರಜೆ ಇದೆ, ಬೊನೇರ್‌ಗೆ ಹೋಗೋದಾ ಕೊಜುಮೆಲ್‌ಗೆ ಹೋಗೋದಾ ಅಂತ. ಎರಡೂ ಕೆರಿಬಿಯನ್ ಸಮುದ್ರದ ದ್ವೀಪಗಳು. ವಿಡಿಯೋ ನೋಡಿದ್ರೆ ಏನೂ ಗೊತ್ತಾಗಲ್ಲ, ಎರಡರಲ್ಲೂ ಅದೇ ನೀಲಿ ನೀರು, ಅದೇ ಆಮೆ, ಅದೇ ಡ್ರೋನ್ ಶಾಟ್. ನಾನು ಎರಡಕ್ಕೂ ಹೋಗ್ಬಂದಿದೀನಿ, ಎರಡೂ ಕಡೆ ಬೈಸ್ಕೊಂಡೂ ಬಂದಿದೀನಿ, ಅದೆಲ್ಲ ಹೇಳ್ತೀನಿ.

ನನ್ನ ಮೊದಲನೇ ಡೈವ್ ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಬೋಟು, ದಾರಿಯುದ್ದಕ್ಕೂ ವಾಂತಿ, ಆಮೇಲೆ ನೀರೊಳಗೆ ಇನ್‌ಸ್ಟ್ರಕ್ಟರ್ ನನ್ನ ಬೆನ್ನ ಮೇಲಿನ ಟ್ಯಾಂಕನ್ನ ಹಿಂದಿನಿಂದ ಗಟ್ಟಿಯಾಗಿ ಹಿಡ್ಕೊಂಡೇ ಇದ್ರು. ಮೇಲೆ ಕೆಳಗೆ ಮಾಡೋ ಬಟನ್ ಒತ್ತೋರು ಅವ್ರೇ, ತಿರುಗಿಸೋರು ಅವ್ರೇ, ನಾನು ಮಾಡಿದ್ದು ಉಸಿರಾಡಿದ್ದಷ್ಟೇ. ನಾನೇ ಡೈವ್ ಮಾಡ್ದೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ, ಅದು ಬೇರೆ ವಿಷ್ಯ. ಬೊನೇರ್, ಕೊಜುಮೆಲ್ ನಡುವೆ ಆರಿಸ್ಬೇಕಾದ್ರೆ ನಿಮ್ಮನ್ನ ನೀವು ಕೇಳ್ಕೋಬೇಕಾಗಿರೋದು ಇದನ್ನೇ, ಹಾಗೆ ಹಿಂದೆ ಯಾರಾದ್ರೂ ಇರ್ಬೇಕಾ ಅಥವಾ ಇಲ್ದಿದ್ರೂ ನಡೆಯುತ್ತಾ.

[ಮ್ಯಾಪ್: ವೆನಿಜುವೆಲಾದ ಮೇಲ್ಗಡೆ ಬೊನೇರ್, ಮೆಕ್ಸಿಕೋದ ಬಲಗಡೆ ಕೊಜುಮೆಲ್]

ಬೊನೇರ್ ಇರೋದು ವೆನಿಜುವೆಲಾ ತೀರದ ಹತ್ರ, ಆದ್ರೆ ಆಡಳಿತ ನೆದರ್‌ಲ್ಯಾಂಡ್ಸ್‌ದು, 2010ರಿಂದ ಅದು ಅವರದ್ದೊಂದು ವಿಶೇಷ ಮುನಿಸಿಪಾಲಿಟಿ. ನಡೆಯೋದು ಅಮೆರಿಕನ್ ಡಾಲರ್, ಜನ ಮಾತಾಡೋದು ಪಾಪಿಯಮೆಂಟು. ದ್ವೀಪದ ಸುತ್ತ ಇರೋ ಸಮುದ್ರ 1979ರಿಂದ ಮರೈನ್ ಪಾರ್ಕು, ಹೆಚ್ಚೂಕಮ್ಮಿ ಅಲೆ ಬಡಿಯೋ ಗೆರೆಯಿಂದ ಹಿಡಿದು 60 ಮೀಟರ್ ಆಳದವರೆಗೂ. ಕೊಜುಮೆಲ್ ಮೆಕ್ಸಿಕೋದ ಕಿಂಟಾನಾ ರೋ ರಾಜ್ಯದ ದ್ವೀಪ, ಎದುರಿಗಿರೋ ಪ್ಲಾಯಾ ಡೆಲ್ ಕಾರ್ಮೆನ್‌ನಿಂದ ಫೆರಿ ಹತ್ತಿದ್ರೆ ಮುಕ್ಕಾಲು ಗಂಟೆ. ಅಲ್ಲಿನ ರೀಫ್‌ಗಳು, ಅಂದ್ರೆ ಹವಳದ ದಿಬ್ಬಗಳು, 1996ರಿಂದ ನ್ಯಾಷನಲ್ ಪಾರ್ಕು. ಭೂಗೋಳ ಇಷ್ಟು ಸಾಕು.

[ಶಾಟ್: ರಸ್ತೆ ಬದಿ, ಹಳದಿ ಬಣ್ಣ ಬಳಿದಿರೋ ಕಲ್ಲು, ಅದರ ಮೇಲೆ ಸೈಟಿನ ಹೆಸರು]

ಈ ಕಲ್ಲು ನೋಡಿ. ಬೊನೇರ್ ಅಂದ್ರೆ ಈ ಕಲ್ಲು. ದ್ವೀಪದ ಪಶ್ಚಿಮ ಕಡೆ ಸಮುದ್ರಕ್ಕೆ ಒತ್ತಿಕೊಂಡೇ ರಸ್ತೆ ಹೋಗುತ್ತೆ, ಅಲ್ಲಲ್ಲಿ ಹಳದಿ ಕಲ್ಲು, ಒಂದೊಂದು ಕಲ್ಲೂ ಒಂದೊಂದು ಡೈವ್ ಸೈಟು, ದಡದಿಂದಲೇ ಇಳಿಯೋ ಇಂಥವು ಐವತ್ತಕ್ಕೂ ಹೆಚ್ಚಿವೆ. ನೀವು ಒಂದು ಪಿಕಪ್ ಟ್ರಕ್ ಬಾಡಿಗೆಗೆ ತಗೋತೀರ, ಬೆಳಿಗ್ಗೆ ಡೈವ್ ಶಾಪಿಗೆ ಹೋಗಿ ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಆಟೋಗೆ ಹೇರ್ತಾರಲ್ಲ ಹಾಗೆ ನಾಲ್ಕೋ ಆರೋ ಟ್ಯಾಂಕ್ ಹಿಂದೆ ಹಾಕ್ಕೊಂಡು ಹೊರಡ್ತೀರ, ಯಾವ ಕಲ್ಲು ಚೆನ್ನಾಗಿ ಕಾಣುತ್ತೋ ಅಲ್ಲಿ ನಿಲ್ಲಿಸೋದು, ಡೈವ್ ಗೇರ್ ಮೈಗೆ ಹಾಕ್ಕೊಳ್ಳೋದು, ನೀರಿಗೆ ನಡೆಯೋದು. ಗೈಡ್ ಇಲ್ಲ, ಬೋಟ್ ಇಲ್ಲ, ಟೈಮಿನ ಕಟ್ಟುಪಾಡಿಲ್ಲ. ಮಧ್ಯಾಹ್ನ ಮಲ್ಕೊಂಡು ನಾಲ್ಕು ಗಂಟೆಗೆ ಎದ್ದು ಇಳೀರಿ, ರಾತ್ರಿ ಊಟ ಆದ್ಮೇಲೆ ಇಳೀರಿ, ಕೇಳೋರಿಲ್ಲ.

ಆದ್ರೆ ಆ "ನಡೆಯೋದು" ಅಂದ್ನಲ್ಲ, ಅಲ್ಲೇ ಇರೋದು ಕಷ್ಟ. ದಡ ಮರಳಲ್ಲ, ಸತ್ತ ಹವಳದ ತುಂಡುಗಳು, ಮೂಳೆ ರಾಶಿ ಹಾಕಿದಂಗೆ ಕಾಲ ಕೆಳಗೆ ಕಟಕಟ ಅಂತ ಜಾರ್ತವೆ, ಬೆನ್ನ ಮೇಲೆ ಟ್ಯಾಂಕು, ಸೊಂಟಕ್ಕೆ ಮುಳುಗೋಕೆ ಅಂತ ಸೀಸದ ತೂಕ, ಕೈಯಲ್ಲಿ ಕಾಲಿಗೆ ಹಾಕೋ ಫಿನ್ನು, ಅಂದ್ರೆ ಈಜುರೆಕ್ಕೆ, ಅಷ್ಟರಲ್ಲಿ ಮೊಣಕಾಲಿಗೆ ಒಂದು ಅಲೆ. ನಾನು, ನಮ್ಮನೆಯವ್ರು ಒಬ್ಬರ ಭುಜ ಒಬ್ರು ಹಿಡ್ಕೊಂಡು ಹೊಳೆ ದಾಟೋರ ಥರ ಹೋಗಿ ಎದೆಮಟ್ಟ ನೀರಲ್ಲಿ ಫಿನ್ ಹಾಕ್ಕೋತಿದ್ವಿ. ದಪ್ಪ ತಳದ ಬೂಟಿ ಇಲ್ದೆ ಹೋಗ್ಲೇಬೇಡಿ. ಥೌಸಂಡ್ ಸ್ಟೆಪ್ಸ್ ಅಂತ ಒಂದು ಫೇಮಸ್ ಸೈಟಿದೆ, ಮೆಟ್ಟಿಲು ಎಣಿಸಿದ್ರೆ ನೂರೂ ಇಲ್ಲ, ಡೈವ್ ಮುಗಿಸ್ಕೊಂಡು ಒದ್ದೆ ಮೈಯಲ್ಲಿ ಟ್ಯಾಂಕ್ ಹೊತ್ಕೊಂಡು ಹತ್ತಿದಾಗ ಹೆಸರು ಯಾಕೆ ಹಾಗಿಟ್ರು ಅಂತ ಗೊತ್ತಾಗುತ್ತೆ.

ನೀರೊಳಗೆ ಹೋದ್ಮೇಲೆ ಮಾತ್ರ ಎಲ್ಲ ಮರೆತುಹೋಗುತ್ತೆ. ಮೊದ್ಲು ಒಂದಷ್ಟು ದೂರ ಮರಳು, ಆ ಮರಳಲ್ಲಿ ಗಾರ್ಡನ್ ಈಲ್‌ಗಳು ಪೈರಿನ ಥರ ತಲೆ ಎತ್ಕೊಂಡು ನಿಂತಿರ್ತವೆ, ಹತ್ರ ಹೋದ್ರೆ ಸರ್ ಅಂತ ಒಳಗೆ. ಅಲ್ಲಿಂದ ಮುಂದೆ ಹತ್ತು ಮೀಟರ್ ಆಸುಪಾಸಿಗೆ ರೀಫ್ ಇಳಿಜಾರಾಗಿ ಕೆಳಗಿಳಿಯುತ್ತೆ. ಕರೆಂಟ್, ಅಂದ್ರೆ ನೀರಿನ ಸೆಳೆತ, ಇದ್ರೆ ಹೋಗ್ತಾ ಅದಕ್ಕೆ ಎದುರಾಗಿ ಈಜ್ಬೇಕು, ಟ್ಯಾಂಕ್ ಅರ್ಧ ಆಗೋ ಮುಂಚೆ ತಿರುಗಿ ಅದ್ರ ಜೊತೆ ವಾಪಸ್ ಬರ್ಬೇಕು. ತಿರುಗೋದು ಯಾವಾಗ ಅಂತ ನೋಡ್ಕೋಬೇಕಾದೋರು ನೀವೇ, ಇಳಿದ ಜಾಗದ ಗುರುತು ಇಟ್ಕೋಬೇಕಾದೋರೂ ನೀವೇ. ನಾವು ಎರಡನೇ ದಿನ ಗುರುತು ತಪ್ಪಿ ಒಂದು ಫರ್ಲಾಂಗ್ ಆಚೆ ಎದ್ದು ಬಿಸಿಲಲ್ಲಿ ಡಾಂಬರು ರಸ್ತೆ ಮೇಲೆ ಬಾತುಕೋಳಿ ಥರ ಟ್ರಕ್‌ವರೆಗೂ ನಡ್ಕೊಂಡು ಬಂದ್ವಿ. ಯಾರ ಕಂಪಾಸು ಸರಿ ಇರಲಿಲ್ಲ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ.

ಟ್ರಕ್ ಬಗ್ಗೆ ಇನ್ನೊಂದು ಮಾತು. ಕಿಟಕಿ ಇಳಿಸಿ, ಬಾಗಿಲು ಲಾಕ್ ಮಾಡ್ದೆ ಬಿಟ್ಟುಹೋಗಿ ಅಂತ ಅಲ್ಲಿನವ್ರೇ ಹೇಳ್ತಾರೆ, ಯಾಕಂದ್ರೆ ನೀವು ಒಂದು ಗಂಟೆ ನೀರೊಳಗೆ ಇರ್ತೀರ ಅಂತ ಕಳ್ಳರಿಗೆ ಗೊತ್ತು, ಲಾಕ್ ಮಾಡಿದ್ರೆ ಗ್ಲಾಸ್ ಒಡೀತಾರೆ. ಫೋನು, ಪಾಸ್‌ಪೋರ್ಟು ಎಲ್ಲ ರೂಮಲ್ಲೇ ಇರ್ಲಿ. ನಾವು ಎಲ್ಲ ರೂಮಲ್ಲಿಟ್ಟು ಜಾಣತನ ಮಾಡಿದ್ವಿ, ಹೋಗಿದ್ದು ನನ್ನ ಚಪ್ಲಿ.

ಒಂದೇ ಒಂದು ಸೈಟ್ ಹೇಳು ಅಂದ್ರೆ ಸಾಲ್ಟ್ ಪಿಯರ್. ದಕ್ಷಿಣದಲ್ಲಿ ಉಪ್ಪಿನ ಗದ್ದೆಗಳಿವೆ, ಗುಲಾಬಿ ಬಣ್ಣದ ನೀರು, ಬಿಳಿ ಉಪ್ಪಿನ ಗುಡ್ಡ, ಆ ಉಪ್ಪನ್ನ ಹಡಗಿಗೆ ತುಂಬೋ ಕಟ್ಟೆಯ ಕಂಬಗಳ ನಡುವೆ ಡೈವ್. ಕಂಬಗಳ ಮೇಲೆಲ್ಲ ಸ್ಪಂಜು, ಹವಳ, ಮೇಲಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತೆ, ಸಾವಿರ ಕಂಬದ ಬಸದಿಗೆ ನೀರು ತುಂಬಿಬಿಟ್ರೆ ಹೇಗಿರುತ್ತೋ ಹಾಗೆ. ಹಡಗು ನಿಂತಿದ್ರೆ ಬಿಡಲ್ಲ, ಮೊದ್ಲೇ ವಿಚಾರಿಸ್ಕೊಳ್ಳಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಹಿಲ್ಮಾ ಹೂಕರ್ ಅನ್ನೋ 72 ಮೀಟರ್ ಉದ್ದದ ಹಡಗು 1984ರಲ್ಲಿ ಮುಳುಗಿ ಪಕ್ಕಕ್ಕೆ ಮಲಗಿದೆ, ಗಾಂಜಾ ಸಾಗಿಸ್ತಾ ಸಿಕ್ಕಿಬಿದ್ದ ಹಡಗು. ತಳ ಸುಮಾರು 30 ಮೀಟರ್, ಅದಕ್ಕೆ ಅಡ್ವಾನ್ಸ್‌ಡ್ ಕಾರ್ಡ್, ಅಂದ್ರೆ ಮೊದಲನೇದರ ಮುಂದಿನ ಹಂತದ್ದು, ಇದ್ರೆ ಒಳ್ಳೇದು.

[ಶಾಟ್: ಬೋಟಿನಿಂದ ಹಿಂದಕ್ಕೆ ಬೀಳ್ತಿರೋ ಡೈವರ್‌ಗಳು, ಕೊಜುಮೆಲ್]

ಕೊಜುಮೆಲ್‌ನಲ್ಲಿ ಇದ್ಯಾವ ರಗಳೇನೂ ಇಲ್ಲ. ಬೋಟು ನಿಮ್ಮನ್ನ ಸೈಟಿಗೆ ಕರ್ಕೊಂಡು ಹೋಗುತ್ತೆ, ಹುಡುಗರು ಗೇರ್ ಹಾಕಿಸ್ತಾರೆ, ಹಿಂದಕ್ಕೆ ಬಿದ್ರೆ ಆಯ್ತು. ಕೆಳಗಿಳಿದ ಕ್ಷಣ ಕರೆಂಟು ನಿಮ್ಮನ್ನ ಎತ್ಕೊಂಡು ಹೊರಡುತ್ತೆ, ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ. ಇದಕ್ಕೆ ಡ್ರಿಫ್ಟ್ ಡೈವ್ ಅಂತಾರೆ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಕಿಟಕಿ ಪಕ್ಕ ಸೀಟ್ ಸಿಕ್ಕಂಗೆ, ನೀವು ಸುಮ್ನೆ ಕೂತಿರ್ತೀರ, ರೀಫ್ ಪಕ್ಕದಲ್ಲಿ ಹಾದುಹೋಗ್ತಿರುತ್ತೆ. ಪಲಂಕಾರ್ ಅನ್ನೋ ರೀಫ್‌ನಲ್ಲಿ ಹವಳದ ಕಂಬಗಳು ಮನೆಯಷ್ಟೆತ್ತರ, ನಡುನಡುವೆ ಓಣಿಗಳು, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಎದ್ರೆ ಮುಂದೆ ಏನೂ ಇಲ್ಲ, ಬರೀ ಕಡುನೀಲಿ, ಕೆಳಗೆ ತಳ ಕಾಣಲ್ಲ. ಸಾಂತಾ ರೋಸಾ ಅನ್ನೋ ರೀಫ್ ಗೋಡೆನೂ ಹಾಗೇ, ಮೊದಲ ಸಲ ಹೊಟ್ಟೇಲಿ ಚಿಟ್ಟೆ ಬಿಟ್ಟಂಗಾಗುತ್ತೆ. ಇಂಥ ಗೋಡೆ ನನಗೆ ಬೊನೇರ್‌ನಲ್ಲಿ ಸಿಗಲಿಲ್ಲ.

ಆದ್ರೆ ಬಸ್ಸಿನಿಂದ ಇಳಿಯೋಕಾಗಲ್ಲ, ಅದೇ ತೊಂದ್ರೆ. ಅಲ್ಲಿ ಸ್ಪ್ಲೆಂಡಿಡ್ ಟೋಡ್‌ಫಿಶ್ ಅಂತ ಒಂದು ಮೀನಿದೆ, ಕೊಜುಮೆಲ್ ಸುತ್ತಮುತ್ತ ಬಿಟ್ರೆ ಎಲ್ಲೂ ಸಿಗಲ್ಲ ಅಂತಲೇ ಹೆಸರುವಾಸಿ, ಚಪ್ಪಟೆ ಮುಖ, ಮುಖದ ಮೇಲೆ ವಿಭೂತಿ ಪಟ್ಟೆ ಥರ ಗೆರೆಗಳು, ಹಳದಿ ರೆಕ್ಕೆ, ಗಡ್ಡ ಬೇರೆ. ಹವಳದ ಅಡಿ ಬಿಲದಲ್ಲಿ ಕೂತ್ಕೊಂಡು ಕಪ್ಪೆ ಥರ ಗೊರಗೊರ ಅನ್ನುತ್ತೆ. ಗೈಡ್ ಟಾರ್ಚ್ ಬಿಟ್ಟು ತೋರಿಸಿದ್ರು, ನಾನು ಹತ್ರ ಹೋಗೋಣ ಅಂತ ಕಾಲು ಬಡಿದೆ ಬಡಿದೆ, ಕರೆಂಟು ಬಿಡಲಿಲ್ಲ, ಕಂಡಿದ್ದು ಎರಡು ಸೆಕೆಂಡು. ಗ್ಲೌಸ್ ಹಾಕೋ ಹಾಗಿಲ್ಲ, ಎರಡೂ ಕಡೆ, ಹವಳ ಹಿಡ್ಕೋತಾರೆ ಅಂತ, ಹಿಡಿಯೋಕೆ ಹೋದ್ರೆ ಗೈಡ್ ಟಪ್ ಅಂತ ಕೈ ಮೇಲೆ ಹೊಡೀತಾರೆ, ಅದು ನನ್ನ ಅನುಭವ.

ಇನ್ನೊಂದು ಗಾಳಿ ಲೆಕ್ಕ. ನಮ್ಮನೆಯವ್ರು ಟ್ಯಾಂಕನ್ನ ಎಳನೀರು ಕುಡಿದಂಗೆ ಕುಡೀತಾರೆ, ನನಗಿಂತ ಹತ್ತು ಹದಿನೈದು ನಿಮಿಷ ಮೊದ್ಲೇ ಖಾಲಿ. ಬೊನೇರ್‌ನಲ್ಲಿ ಅದು ನಮ್ಮಿಬ್ಬರ ಸಮಸ್ಯೆ, ಕೊಜುಮೆಲ್‌ನಲ್ಲಿ ಅದು ಇಡೀ ಗುಂಪಿನ ಸಮಸ್ಯೆ. ಕೆಲವು ಬೋಟ್‌ಗಳಲ್ಲಿ ಒಬ್ಬರದ್ದು ಮುಗಿದ್ರೆ ಎಲ್ರೂ ಮೇಲಕ್ಕೆ, ಆಗ ಬೋಟಲ್ಲಿ ಉಳಿದವ್ರ ಮುಖ ನೋಡ್ಬೇಕು ನೀವು. ಬುಕ್ ಮಾಡೋಕೆ ಮುಂಚೆನೇ ಕೇಳಿ, ಗಾಳಿ ಮುಗಿದವ್ರನ್ನ ಮಾತ್ರ ಮೇಲೆ ಕಳಿಸ್ತೀರಾ, ಒಂದು ಗುಂಪಿಗೆ ಎಷ್ಟು ಜನ ಅಂತ. ಆಮೇಲೆ ಡೆವಿಲ್ಸ್ ಥ್ರೋಟ್ ಅನ್ನೋ ಸುರಂಗದ ವಿಡಿಯೋ ನೋಡಿ ಆಸೆ ಪಡ್ಬೇಡಿ, ಅದರಿಂದ ಹೊರಗೆ ಬರೋ ಬಾಯಿ ಇರೋದು 30 ಮೀಟರಿಗಿಂತ ಕೆಳಗೆ, ಹೊಸಬರ ಜಾಗ ಅಲ್ಲ.

[ಕ್ಯಾಮೆರಾ ಎದುರಿಗೆ]

ಈಗ ಎಲ್ಲರೂ ಹೇಳೋದು ಬೊನೇರ್ ಹೊಸಬರಿಗೆ, ಕೊಜುಮೆಲ್ ಪಳಗಿದವ್ರಿಗೆ ಅಂತ. ಕರೆಂಟ್ ಒಂದನ್ನೇ ನೋಡಿದ್ರೆ ಸರಿ. ಆದ್ರೆ ಯೋಚ್ನೆ ಮಾಡಿ, ಗಂಡ ಹೆಂಡತಿ ಇಬ್ರೂ ಕಳೆದ ತಿಂಗಳು ಕಾರ್ಡ್ ತಗೊಂಡವ್ರು, ಇಬ್ರೇ ಗೈಡಿಲ್ದೆ ಬೊನೇರ್‌ನಲ್ಲಿ ಇಳಿದ್ರೆ ಯಾರು ಯಾರನ್ನ ನೋಡ್ಕೋತಾರೆ? ಇಬ್ರೂ ಸೇರಿ ಹತ್ತು ಡೈವ್ ಆಗಿಲ್ಲ ಅಂದ್ರೆ ನನ್ನ ಮಾತು ಕೇಳಿ ಕೊಜುಮೆಲ್‌ಗೆ ಹೋಗಿ, ಪಲಂಕಾರ್ ಗಾರ್ಡನ್ಸ್ ಥರ ಆಳ ಕಮ್ಮಿ ಇರೋ ಕಡೆ ಕರ್ಕೊಂಡು ಹೋಗಿ ಅಂತ ಹೇಳಿ, ಚಿಕ್ಕ ಗುಂಪು ಹುಡುಕಿ, ಎರಡು ಟ್ಯಾಂಕಿಗೆ, ಅಂದ್ರೆ ಎರಡು ಡೈವ್‌ಗೆ, 100 ಡಾಲರ್ ಆಸುಪಾಸು ಆಗುತ್ತೆ. ಇಪ್ಪತ್ತು ಮೂವತ್ತು ಡೈವ್ ಆಗಿ, ಟ್ಯಾಂಕಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಗೇಜ್ ನೋಡೋದು ಅಭ್ಯಾಸ ಆದ್ಮೇಲೆ ಬೊನೇರ್. ಇಲ್ಲ ನಮಗೆ ಬೊನೇರೇ ಬೇಕು ಅಂದ್ರೆ ಮೊದಲ ಎರಡು ದಿನಕ್ಕೆ ಗೈಡ್ ತಗೊಳ್ಳಿ, ಸಿಗ್ತಾರೆ, ಜಂಭ ಬಿಡಿ.

ಜೊತೆಗೆ ಡೈವ್ ಮಾಡ್ದೇ ಇರೋರು, ಊರಿಂದ ಬಂದಿರೋ ಅಪ್ಪ ಅಮ್ಮ, ಮಕ್ಕಳು ಇದ್ರೆ ಕೊಜುಮೆಲ್, ಎರಡು ಮಾತಿಲ್ಲ. ಊರು ದೊಡ್ಡದು, ಪೇಟೆ ಇದೆ, ಕ್ರೂಸ್ ಹಡಗು ಬಂದ ದಿನ ಜಾತ್ರೆ. ಸಸ್ಯಾಹಾರಿಗಳು ಒಂದು ಪದ ಕಲ್ತ್ಕೊಳ್ಳಿ, ಮಾಂತೇಕಾ, ಅಂದ್ರೆ ಹಂದಿ ಕೊಬ್ಬು, ಅರೆದ ಬೀನ್ಸ್‌ನಲ್ಲಿ ಎಷ್ಟೋ ಸಲ ಅದಿರುತ್ತೆ, ಕೇಳಿ ತಿನ್ನಿ. ಬೊನೇರ್‌ನಲ್ಲಿ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡು ಸಾರಿನ ಪುಡಿ, ಅವಲಕ್ಕಿ ಮನೆಯಿಂದಲೇ ಒಯ್ಯಿರಿ, ತರಕಾರಿ ಎಲ್ಲ ಹೊರಗಿಂದ ಬರೋದು, ರೇಟ್ ಕೇಳಿದ್ರೆ ಹಸಿವು ಹೋಗುತ್ತೆ. ಖರ್ಚಲ್ಲಿ ಇದನ್ನೂ ಸೇರಿಸ್ಕೊಳ್ಳಿ, ಬೊನೇರ್‌ಗೆ ಕಾಲಿಡೋಕೆ 75 ಡಾಲರ್ ಟ್ಯಾಕ್ಸ್, ಸಮುದ್ರಕ್ಕೆ ಇಳಿಯೋಕೆ 40 ಡಾಲರ್ ಫೀ.

ವೀಸಾ. ಇಂಡಿಯನ್ ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಬೊನೇರ್ ನೆದರ್‌ಲ್ಯಾಂಡ್ಸ್‌ದೇ ಆದ್ರೂ ಶೆಂಗೆನ್ ಒಳಗಿಲ್ಲ, ಅದರ ನಿಯಮ ಬೇರೆ, ಟಿಕೆಟ್ ತಗೊಳ್ಳೋ ಮುಂಚೆ ಡಚ್ ಸರ್ಕಾರದ ಸೈಟಲ್ಲಿ ನಿಮ್ಮ ಸ್ಟೇಟಸ್ಸಿಗೆ ಏನಿದೆ ಅಂತ ಓದ್ಕೊಳ್ಳಿ.

ಯಾವಾಗ ಹೋಗೋದು? ಜೂನ್‌ನಿಂದ ನವೆಂಬರ್ ಹರಿಕೇನ್ ಕಾಲ. ಕೊಜುಮೆಲ್ ಅದರ ದಾರಿಯಲ್ಲೇ ಇದೆ, 2005ರ ಅಕ್ಟೋಬರಲ್ಲಿ ವಿಲ್ಮಾ ಬಂದು ರೀಫನ್ನೆಲ್ಲ ಉಜ್ಜಿಹಾಕಿತ್ತು. ಬೊನೇರ್ ತೀರಾ ದಕ್ಷಿಣಕ್ಕಿರೋದ್ರಿಂದ ಚಂಡಮಾರುತ ಅಪರೂಪ, ಸೆಪ್ಟೆಂಬರ್ ರಜೆ ಅಂದ್ರೆ ಕಣ್ಮುಚ್ಚಿ ಬೊನೇರ್. ಕೊಜುಮೆಲ್‌ನಲ್ಲಿ ಚಳಿಗಾಲಕ್ಕೂ ಒಂದು ಕಾಟ ಇದೆ, ನಾರ್ತೆ ಅಂತ ಉತ್ತರದ ಗಾಳಿ ಎದ್ರೆ ಬಂದರಿನವ್ರು ಬೋಟ್‌ಗಳನ್ನ ಬಿಡೋದೇ ಇಲ್ಲ. ನಾವು ಒಂದು ದಿನ ಪೂರ್ತಿ ಹೋಟೆಲ್ ಬಾಲ್ಕನಿಯಲ್ಲಿ ಕೂತು ಇಸ್ಪೀಟ್ ಆಡಿದ್ವಿ.

ಹವಳದ ಕಾಯಿಲೆ ವಿಷ್ಯ ಹೇಳ್ದೇ ಇದ್ರೆ ಮೋಸ ಆಗುತ್ತೆ. ಗಟ್ಟಿ ಹವಳದ ಮಾಂಸನೇ ಉದುರಿಹೋಗೋ ರೋಗ, 2014ರಲ್ಲಿ ಫ್ಲೋರಿಡಾದಲ್ಲಿ ಮೊದ್ಲು ಕಂಡಿದ್ದು, ಮೆಕ್ಸಿಕೋ ಕಡೆಗೆ 2018ರಲ್ಲಿ, ಬೊನೇರ್‌ಗೆ 2023ರಲ್ಲಿ ಬಂತು. 2019ರಲ್ಲಿ ಕೊಜುಮೆಲ್‌ನ ಕೆಲವು ರೀಫ್‌ಗಳನ್ನ ಸ್ವಲ್ಪ ದಿನ ಮುಚ್ಚಿದ್ರು ಕೂಡ. ಹಳೇ ವಿಡಿಯೋದಲ್ಲಿ ಕಂಡ ದೊಡ್ಡ ದೊಡ್ಡ ಗುಂಡು ಹವಳ ಕೆಲವು ಕಡೆ ಈಗ ಬಿಳಿ ಬುರುಡೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಗೇರ್‌ನ ಸೋಂಕುನಾಶಕದಲ್ಲಿ ಅದ್ದಿ ಒಣಗಿಸಿ, ಈ ವೆಟ್‌ಸೂಟ್ ಇಲ್ಲಿ ನೇತಾಡ್ತಿರೋದೂ ಅದಕ್ಕೇ.

[ಶಾಟ್: ಉಪ್ಪಿನ ಗದ್ದೆಯಲ್ಲಿ ಫ್ಲೆಮಿಂಗೊಗಳು]

ವಾಪಸ್ ಫ್ಲೈಟಿಗೆ ಮುಂಚೆ 18 ಗಂಟೆಯಾದ್ರೂ ಡೈವ್ ಮಾಡೋ ಹಾಗಿಲ್ಲ, ಅಂದ್ರೆ ಕೊನೇ ದಿನ ನೀರಿಲ್ಲ. ಕೊಜುಮೆಲ್‌ನಲ್ಲಿ ಆ ದಿನ ಸ್ಯಾನ್ ಹರ್ವಾಸಿಯೋ ಅನ್ನೋ ಮಾಯಾ ಕಾಲದ ಊರು ನೋಡ್ಬಹುದು, ಇಷ್‌ಚೆಲ್ ದೇವಿಗೆ ನಡ್ಕೋತಿದ್ದ ಜಾಗ, ಕಲ್ಲಿನ ಮೇಲೆ ಉಡದ ಥರದ ಇಗ್ವಾನಾಗಳು ಬಿಸಿಲು ಕಾಯಿಸ್ತಾ ಬಿದ್ದಿರ್ತವೆ. ಬೊನೇರ್‌ನಲ್ಲಿ ನಾವು ಅದೇ ಟ್ರಕ್ ತಗೊಂಡು ದಕ್ಷಿಣಕ್ಕೆ ಹೋದ್ವಿ, ಉಪ್ಪಿನ ಗದ್ದೆ ದಂಡೇಲಿ ಗುಲಾಮರಿಗೆ ಕಟ್ಟಿದ್ದ ಗೂಡುಗಳಿವೆ, ಬಗ್ಗಿ ತೆವಳಿಕೊಂಡೇ ಒಳಗೆ ಹೋಗ್ಬೇಕು ಅಷ್ಟು ಚಿಕ್ಕವು. ನಮ್ಮನೆಯವ್ರು ಒಂದರೊಳಗೆ ಹೋಗಿ ಕೂತ್ರು, ಬಾಗಿಲಿನಿಂದ ಎದುರಿಗೇ ಸಮುದ್ರ ಕಾಣುತ್ತೆ, ಹೊರಗೆ ಬಂದ್ಮೇಲೆ ಟ್ರಕ್ ಹತ್ತೋವರೆಗೂ ಮಾತಾಡಲಿಲ್ಲ.