ಜಿಂಕೆ ಬಿದ್ದ ಮೇಲೆ ಶುರುವಾಗುವ ಪರೀಕ್ಷೆ

[ಪರದೆ: ಮಂಜು ಕವಿದ ಕಾಡಿನ ಅಂಚು. ಹುಲ್ಲಿನ ಮೇಲೆ ಒಂದು ಚಾಕು, ನೀಲಿ ಕೈಗವಸು.]

ನಮಸ್ಕಾರ. ಬ್ರಿಟನ್ನಿನಲ್ಲಿ ಜಿಂಕೆ ಬೇಟೆಗೆ ಒಂದು ಸರ್ಟಿಫಿಕೇಟ್ ಇದೆ, ಡಿಯರ್ ಸ್ಟಾಕಿಂಗ್ ಸರ್ಟಿಫಿಕೇಟ್, ಚಿಕ್ಕದಾಗಿ ಡಿಎಸ್‌ಸಿ ಅಂತ. ಅದರ ಬಗ್ಗೆ ಕೇಳುವವರೆಲ್ಲ ಬಂದೂಕಿನ ವಿಷಯವನ್ನೇ ಕೇಳುತ್ತಾರೆ. ಯಾವ ರೈಫಲ್, ಎಷ್ಟು ದೂರ, ಎಷ್ಟು ಗುಂಡು. ಹೇಳಿಬಿಡುತ್ತೇನೆ: 100 ಮೀಟರ್ ದೂರದಲ್ಲಿ ಮಲಗಿ ಹೊಡೆದ ಮೂರು ಗುಂಡೂ 10 ಸೆಂಟಿಮೀಟರ್ ಅಗಲದ ವೃತ್ತದ ಒಳಗೆ ಬೀಳಬೇಕು, ಆಮೇಲೆ ಜಿಂಕೆ ಚಿತ್ರದ ಮೇಲೆ ಇನ್ನೊಂದಷ್ಟು. ಅಭ್ಯಾಸ ಇದ್ದರೆ ಅದು ಬೇಗ ಮುಗಿಯುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಅದರ ನಂತರ, ಜಿಂಕೆ ನೆಲಕ್ಕೆ ಬಿದ್ದು ಚಾಕು ಕೈಗೆ ಬಂದಾಗ. ಇವತ್ತು ಅದೇ ವಿಷಯ.

ಊರಲ್ಲಿ ಕೂತು ನೋಡುತ್ತಿರುವವರಿಗೆ ಮೊದಲೇ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಯಾವುದನ್ನೂ ಮುಟ್ಟುವ ಹಾಗಿಲ್ಲ. ಇದು ಅಲ್ಲಿನ ಕಥೆ. ಅಲ್ಲಿ ತೋಳ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕು, ಎರಡೂ ಕಾಡಿನಿಂದ ಮಾಯವಾಗಿ ಎಷ್ಟೋ ಕಾಲ ಆಯಿತು, ಜಿಂಕೆ ತಿನ್ನುವವರು ಯಾರೂ ಇಲ್ಲ, ನೆಟ್ಟ ಸಸಿಯೆಲ್ಲ ಜಿಂಕೆ ಪಾಲು. ಒಟ್ಟು ಆರು ಜಾತಿ ಇವೆ. ರೆಡ್ ಮತ್ತು ರೋ ಮಾತ್ರ ಅಲ್ಲಿನವು. ಫ್ಯಾಲೋ, ಸಿಕಾ, ಮುಂಟ್‌ಜಾಕ್, ಚೈನೀಸ್ ವಾಟರ್ ಡಿಯರ್, ಇವೆಲ್ಲ ಹೊರಗಿನಿಂದ ತಂದು ಬಿಟ್ಟವು. ಮುಂಟ್‌ಜಾಕ್ ನಮ್ಮ ಕಾಡುಕುರಿಯ ಹತ್ತಿರದ ನೆಂಟ, ನಾಯಿಯ ಹಾಗೇ ಬೊಗಳುತ್ತದೆ.

ಸರಿ, ವಿಷಯಕ್ಕೆ ಬರೋಣ.

ಕಸಾಯಿಖಾನೆಯಲ್ಲಿ ಕುರಿಯನ್ನು ಪಶುವೈದ್ಯರು ಎರಡು ಸಲ ನೋಡುತ್ತಾರೆ. ಬದುಕಿದ್ದಾಗ ಒಮ್ಮೆ, ಕಡಿದ ಮೇಲೆ ಒಮ್ಮೆ. ಕಾಡಿನ ಜಿಂಕೆಯನ್ನು ಬದುಕಿದ್ದಾಗ ನೋಡಿದವರು ಯಾರು? ನೀವೊಬ್ಬರೇ. ಅದು ಕುಂಟುತ್ತಿತ್ತಾ, ಹಿಂಡಿನಿಂದ ಹಿಂದೆ ಬೀಳುತ್ತಿತ್ತಾ, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತಾ, ಹಿಂಭಾಗ ಭೇದಿಯಿಂದ ಕೊಳೆಯಾಗಿತ್ತಾ, ಮನುಷ್ಯರನ್ನು ಕಂಡರೂ ಓಡದೆ ಸುಮ್ನೆ ನಿಂತಿತ್ತಾ ಅನ್ನುವುದು ನಿಮಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ಅದಕ್ಕೇ 853/2004 ಸಂಖ್ಯೆಯ ಯುರೋಪಿನ ಆಹಾರ ನಿಯಮ, 2006ರ ಜನವರಿಯಿಂದ, ಬೇಟೆಯನ್ನು ನೋಡಿ ಪರೀಕ್ಷಿಸಲು 'ತರಬೇತಿ ಪಡೆದವನು' ಅಂತ ಒಬ್ಬನನ್ನು ಕೇಳಿತು. ಯುರೋಪ್ ಒಕ್ಕೂಟದಿಂದ ಹೊರಬಂದ ಮೇಲೂ ಬ್ರಿಟನ್ ಆ ನಿಯಮವನ್ನು ಉಳಿಸಿಕೊಂಡಿದೆ. ಡಿಎಸ್‌ಸಿ ಮೊದಲ ಹಂತದಲ್ಲಿ ಮಾಂಸದ ಸ್ವಚ್ಛತೆಯ ಪಾಠ ಇರುವುದು ಈ ಕಾರಣಕ್ಕೆ. ಅಲ್ಲಿ ಓದಿ ಉತ್ತರಿಸಿದ್ದನ್ನು ಎರಡನೇ ಹಂತದಲ್ಲಿ ನಿಜವಾದ ಬೇಟೆಯಲ್ಲಿ, ಅನುಭವಿಯೊಬ್ಬರ ಕಣ್ಣೆದುರು ಮಾಡಿ ತೋರಿಸಬೇಕು.

ಹಾಗಾಗಿ ಪಕ್ಕದಲ್ಲಿ ನಿಂತವರು ನಿಮ್ಮ ಚಾಕುವಿನ ಚುರುಕನ್ನು ಅಷ್ಟಾಗಿ ನೋಡುವುದಿಲ್ಲ. ನೀವು ಎಲ್ಲಿ ನಿಂತು ಏನನ್ನು ನೋಡಿದಿರಿ ಅನ್ನುವುದನ್ನು ನೋಡುತ್ತಾರೆ. ಐದೇ ನಿಮಿಷದಲ್ಲಿ ಹೊಟ್ಟೆ ಖಾಲಿ ಮಾಡುವ ಕೈಚಳಕದವರೂ ಇಲ್ಲಿ ಎಡವುತ್ತಾರೆ.

[ಪರದೆ: ಜಿಂಕೆಯ ರೇಖಾಚಿತ್ರ. ಕತ್ತು, ಎದೆ, ಹೊಟ್ಟೆ ಬೇರೆ ಬೇರೆ ಬಣ್ಣದಲ್ಲಿ.]

ಬಿದ್ದ ಜಿಂಕೆಯ ಹತ್ತಿರ ಹಿಂದಿನಿಂದ ಹೋಗಿ. ಉದ್ದನೆಯ ಕೋಲಿನಿಂದ ಕಣ್ಣನ್ನು ಮೆಲ್ಲಗೆ ಮುಟ್ಟಿ. ರೆಪ್ಪೆ ಮಿಟುಕಿದರೆ ಅದು ಇನ್ನೂ ಸತ್ತಿಲ್ಲ. ಸತ್ತಿದೆ ಅಂತ ಗೊತ್ತಾದ ಮೇಲೆ ಬಂದೂಕು ಖಾಲಿ ಮಾಡಿ, ಕೈಗವಸು ಹಾಕಿಕೊಳ್ಳಿ. ಚಾಕು ಮುಟ್ಟುವ ಮೊದಲು ಜಿಂಕೆಯ ಸುತ್ತ ಒಂದು ಸುತ್ತು ಬನ್ನಿ. ಬಾಯಿ, ನಾಲಿಗೆ, ಮೂಗು, ಗೊರಸಿನ ಸಂದು, ಬಾಲದ ಕೆಳಗೆ. ಬಾಯಲ್ಲಿ, ಗೊರಸಿನ ಸಂದಿನಲ್ಲಿ ಗುಳ್ಳೆ ಕಂಡರೆ ಕಾಲುಬಾಯಿ ಜ್ವರದ ಅನುಮಾನ, ಅಲ್ಲಿಗೇ ನಿಲ್ಲಿಸಿ. ಗುಂಡು ಎಲ್ಲಿ ಹೊಕ್ಕಿದೆ, ಎಲ್ಲಿ ಹೊರಬಂದಿದೆ ಅನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಹೊಟ್ಟೆಗೆ ತಾಗಿದ್ದರೆ ಒಳಗೆ ಏನು ಕಾದಿದೆ ಅಂತ ಗೊತ್ತಾಗುತ್ತದೆ.

ರಕ್ತ ಬಸಿದ ಮೇಲೆ ಶುರುವಾಗುವ ಕೆಲಸಕ್ಕೆ ಅಲ್ಲಿ 'ಗ್ರಾಲಕ್' ಅನ್ನುತ್ತಾರೆ. ಸ್ಕಾಟ್ಲೆಂಡಿನ ಗೇಲಿಕ್ ಮಾತು, ಕರುಳು ಅಂತಲೇ ಅರ್ಥ. ನಿಯಮ ಹೇಳುವುದು ಇಷ್ಟೇ: ಹೊಟ್ಟೆ, ಕರುಳನ್ನು ಆದಷ್ಟು ಬೇಗ ತೆಗೆಯಬೇಕು. ಜಿಂಕೆಯೂ ಮೆಲುಕು ಹಾಕುವ ಪ್ರಾಣಿ, ಹೊಟ್ಟೆ ತುಂಬ ಹುಳಿಯುತ್ತಿರುವ ಹುಲ್ಲು. ಸತ್ತ ಮೇಲೂ ಅದು ಹುಳಿಯುತ್ತಲೇ ಇರುತ್ತದೆ, ಉಬ್ಬುತ್ತದೆ, ಮಾಂಸ ಬೆಚ್ಚಗೇ ಉಳಿಯುತ್ತದೆ.

ಮೊದಲು ಕತ್ತಿನಲ್ಲಿ ಅನ್ನನಾಳ ಹುಡುಕಿ. ಉಸಿರಿನ ಕೊಳವೆ ಗಟ್ಟಿ, ಬೆರಳಿಗೆ ಉಂಗುರ ಉಂಗುರವಾಗಿ ಸಿಗುತ್ತದೆ. ಅದಕ್ಕೆ ಅಂಟಿಕೊಂಡಿರುವ ಮೆತ್ತನೆಯ ನಾಳವೇ ಅನ್ನನಾಳ. ಅದನ್ನು ಬಿಡಿಸಿ ಗಂಟು ಹಾಕಿ, ಇಲ್ಲಾಂದರೆ ಹೊಟ್ಟೆಯಲ್ಲಿರುವುದು ಕತ್ತಿನ ಕಡೆಯಿಂದ ಹೊರಗೆ ಬರುತ್ತದೆ. ಆಮೇಲೆ ಹೊಟ್ಟೆ. ಸಣ್ಣದಾಗಿ ಕೊಯ್ದು, ಎಡಗೈಯ ಎರಡು ಬೆರಳು ಒಳಗೆ ಹಾಕಿ ಚರ್ಮವನ್ನು ಮೇಲಕ್ಕೆ ಎತ್ತಿ. ಚಾಕು ಆ ಎರಡು ಬೆರಳಿನ ನಡುವೆ ಇರಬೇಕು, ಅಲಗು ಆಕಾಶ ನೋಡುತ್ತಿರಬೇಕು, ಕರುಳಿನ ಕಡೆಗೆ ತಿರುಗಬಾರದು.

ನನ್ನ ಮೊದಲ ರೋ ಜಿಂಕೆಯಲ್ಲಿ ಬೆರಳುಗಳಿಗಿಂತ ಚಾಕುವಿನ ತುದಿ ಮುಂದೆ ಹೋಯಿತು. ಪುಸ್ ಅಂತ ಒಂದು ಸದ್ದು, ಅಷ್ಟೇ. ಚಳಿಯಲ್ಲಿ ಆವಿ ಎದ್ದಿತು. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಕೊಳೆತ ಹುಲ್ಲಿನ ವಾಸನೆ ಇರುತ್ತದಲ್ವಾ, ಅದೇ. ಹಸಿರು ರಸ ಪಕ್ಕೆಯ ಒಳಗೆಲ್ಲ ಹರಡಿತು. ಹತ್ತಿರದಲ್ಲೇ ಒಂದು ಹಳ್ಳ ಇತ್ತು, ತೊಳೆಯೋಣ ಅಂತ ಎದ್ದೆ. ಪಕ್ಕದಲ್ಲಿದ್ದವರು ತಡೆದರು. ಹಳ್ಳದ ನೀರಿನಲ್ಲಿ ತೊಳೆದರೆ ಕೊಳೆ ಹೋಗುವುದಿಲ್ಲ, ಇಡೀ ಮೈಗೆ ಹರಡುತ್ತದೆ, ಒದ್ದೆ ಮಾಂಸದಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಬೆಳೆಯುತ್ತದೆ. ತಾಗಿದ ಜಾಗವನ್ನು ಬೇರೆ ಚಾಕುವಿನಿಂದ ಕೊಯ್ದು ಎಸೆಯಬೇಕು. ಎಸೆದೆ. 2015ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಿಂಕೆ ಮಾಂಸದ ಪದಾರ್ಥಗಳಿಂದ ಇ. ಕೋಲಿ ಓ157 ಅನ್ನುವ, ಕರುಳಿನಲ್ಲಿರುವ ಅಪಾಯಕಾರಿ ಬ್ಯಾಕ್ಟೀರಿಯಾ ಹರಡಿತ್ತು. ಈ ಹಸಿರು ರಸದ ಬಗ್ಗೆ ಅವರು ಅಷ್ಟು ಕಟ್ಟುನಿಟ್ಟಾಗಿರುವುದು ಸುಮ್ನೆ ಅಲ್ಲ.

[ಪರದೆ: ಕುರಿಯ ಗುಂಡಿಗೆ, ಲಿವರ್, ಪುಪ್ಪುಸ. ಹತ್ತಿರದಿಂದ.]

ಈಗ ಮುಖ್ಯವಾದ ಭಾಗ. ಕರುಳು ಹೊರಗೆ ಬಂದ ಕೂಡಲೇ ಪೊದೆಗೆ ಎಸೆಯಬೇಡಿ, ನೆಲದ ಮೇಲೆ ಹರಡಿ. ಕರುಳನ್ನು ಹಿಡಿದಿರುವ ತೆಳು ಪೊರೆಯೊಳಗೆ ಲಿಂಫ್ ಗಂಟುಗಳು, ಅಂದರೆ ರೋಗ ತಡೆಯುವ ಸಣ್ಣ ಗಂಟುಗಳು, ಸರದ ಹಾಗೆ ಸಾಲಾಗಿರುತ್ತವೆ, ಬೆರಳಿನಲ್ಲಿ ಒತ್ತಿ ನೋಡಿ. ಆಮೇಲೆ ಗುಂಡಿಗೆ, ಪುಪ್ಪುಸ, ಲಿವರ್, ಕಿಡ್ನಿ. ಪುಪ್ಪುಸದ ನಡುವೆ, ಲಿವರ್‌ಗೆ ಅಂಟಿಕೊಂಡು, ತಲೆಯಲ್ಲಿ ದವಡೆ ಮತ್ತು ಗಂಟಲಿನ ಹಿಂದೆ, ಎಲ್ಲ ಕಡೆ ಇಂಥ ಗಂಟುಗಳಿವೆ. ಊದಿರಬಾರದು, ಗಟ್ಟಿಯಾಗಿರಬಾರದು. ಒಳಗೆ ಗಿಣ್ಣಿನಂಥ ಗಟ್ಟಿಯೋ ಕೆನೆಯಂಥ ಕೀವೋ ಇದ್ದರೆ ಅದು ದನಗಳ ಕ್ಷಯ ಇರಬಹುದು. ಕೊಯ್ಯುತ್ತಾ ಹೋಗಬೇಡಿ. ಅಲ್ಲಿನ ಪ್ರಾಣಿ ಆರೋಗ್ಯ ಇಲಾಖೆಗೆ, ಎಪಿಎಚ್‌ಎಗೆ, ತಿಳಿಸುವುದು ಕಾನೂನು. ಲಿವರ್‌ನಲ್ಲಿ ಚಪ್ಪಟೆ ಹುಳು ಸಿಕ್ಕರೆ ಅಷ್ಟು ಗಾಬರಿ ಬೇಡ, ಅದು ಸಾಮಾನ್ಯ. ಆದರೆ ಆ ಲಿವರ್ ತಿನ್ನುವ ಹಾಗಿಲ್ಲ, ನೋಡಿದ್ದನ್ನು ಹೇಳಲೇಬೇಕು.

ಏನೂ ತೊಂದರೆ ಕಾಣದಿದ್ದರೆ ಒಂದು ಚೀಟಿ. ಜಿಂಕೆಯ ಸಂಖ್ಯೆ, ತಾರೀಖು, ಹೊತ್ತು, ಜಾಗ, ಬದುಕಿದ್ದಾಗ ನಡವಳಿಕೆ ಸರಿಯಿತ್ತು ಅನ್ನುವುದು, ಕೊನೆಗೆ ಸಹಿ. ಅದನ್ನು ಜಿಂಕೆಗೇ ಕಟ್ಟಬೇಕು. ಆ ಚೀಟಿ ಇದ್ದರೆ ತಲೆ, ಗುಂಡಿಗೆ, ಲಿವರ್ ಯಾವುದನ್ನೂ ಮಾಂಸದ ಕೇಂದ್ರಕ್ಕೆ, ಅಂದರೆ ಬೇಟೆಯ ಮಾಂಸವನ್ನು ಪರೀಕ್ಷಿಸಿ ಮಾರಾಟಕ್ಕೆ ತಯಾರು ಮಾಡುವ ಜಾಗಕ್ಕೆ, ಕಳಿಸಬೇಕಿಲ್ಲ. ನೋಡಲು ತರಬೇತಿ ಪಡೆದವರು ಇರದಿದ್ದರೆ ಕೊಂಬು, ಹೊಟ್ಟೆ, ಕರುಳು ಬಿಟ್ಟು ಉಳಿದದ್ದೆಲ್ಲ ಜೊತೆಗೇ ಹೋಗಬೇಕು. ಅಂದರೆ ಅಲ್ಲಿನ ಪಶುವೈದ್ಯರು ಒಳಗಿನ ಅಂಗ ನೋಡುವ ಬದಲು ನಿಮ್ಮ ಮಾತನ್ನು ನಂಬುತ್ತಾರೆ.

ತಣ್ಣಗಾಗುವ ವಿಷಯ ಬೇಗ ಹೇಳುತ್ತೇನೆ. ಇಡೀ ಮಾಂಸ 7 ಡಿಗ್ರಿಗಿಂತ ಕೆಳಗೆ ಬರಬೇಕು. ಹೊರಗೆ ಒಳ್ಳೆ ಚಳಿ ಇದ್ದರೆ ಕೋಲ್ಡ್ ರೂಮ್ ಕಡ್ಡಾಯ ಅಲ್ಲ. ಗಾಡಿಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಕೇಂದ್ರಕ್ಕೆ ಕೊಡುವುದಾದರೆ ಚರ್ಮ ಸುಲಿಯಬೇಡಿ.

ಎರಡನೇ ಹಂತಕ್ಕೆ ತಯಾರಾಗುವವರಿಗೆ ಒಂದು ಉಪಾಯ. ಅಲ್ಲಿನ ಮಾಂಸದ ಅಂಗಡಿಯಲ್ಲಿ ಕುರಿಯ 'ಪ್ಲಕ್' ಕೇಳಿ, ಗುಂಡಿಗೆ, ಲಿವರ್, ಪುಪ್ಪುಸ ಎಲ್ಲ ಒಟ್ಟಿಗೆ ಬರುತ್ತದೆ. ಅಡುಗೆಮನೆಯ ಕಟ್ಟೆ ಮೇಲೆ ಹರಡಿ, ಒಂದೊಂದೇ ಗಂಟು ಹುಡುಕಿ, ಆರೋಗ್ಯವಾಗಿರುವ ಗಂಟು ಬೆರಳಿಗೆ ಹೇಗೆ ಸಿಗುತ್ತದೆ ಅಂತ ಗುರುತು ಹಿಡಿಯಿರಿ. ನಾನು ನಾಲ್ಕು ವಾರ ಇದನ್ನೇ ಮಾಡಿದೆ. ಮನೆಯವರಿಗೆ ವಾರಕ್ಕೊಂದು ಸಲ ಲಿವರ್ ಫ್ರೈ.