ಸಾಕ್ಷ್ಯಚಿತ್ರ ಯಾರ ಬದುಕಿನದೋ, ಅವರಿಗೆ ಏನು ದಕ್ಕಿತು?

[ದೃಶ್ಯ: ಕಪ್ಪುಬಿಳುಪಿನಲ್ಲಿ ಹಿಮದ ಬಯಲು]

ನಮಸ್ಕಾರ. 1922ರಲ್ಲಿ ತೆರೆಕಂಡ ‘ನ್ಯಾನೂಕ್ ಆಫ್ ದಿ ನಾರ್ತ್’ ಚಿತ್ರದಲ್ಲಿ ಒಂದು ಇಗ್ಲೂ ಇದೆ. ಹಿಮದ ಗಟ್ಟಿಗಳನ್ನು ಕತ್ತರಿಸಿ ಗುಮ್ಮಟದಂತೆ ಜೋಡಿಸಿದ ಮನೆ. ಅದರೊಳಗೆ ಒಂದು ಕುಟುಂಬ ನಿದ್ದೆಯಿಂದ ಏಳುತ್ತದೆ, ತುಪ್ಪಳದ ಹೊದಿಕೆ ಸರಿಸಿ ಉಡುಪು ತೊಡುತ್ತದೆ. ಆ ಕಾಲದ ಕ್ಯಾಮೆರಾಕ್ಕೆ ಇಗ್ಲೂವಿನ ಒಳಗಿನ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಒಂದು ಪಕ್ಕ ಪೂರ್ತಿ ತೆರೆದಿರುವ ಅರ್ಧ ಇಗ್ಲೂ ಕಟ್ಟಿಸಿದರು. ಕುಟುಂಬದವರು ಬಯಲ ಚಳಿಗೆ ಮೈಯೊಡ್ಡಿ, ಮನೆಯೊಳಗೆ ಮಲಗಿದ್ದೇವೆಂಬಂತೆ ನಟಿಸಿದರು. ನ್ಯಾನೂಕ್ ಎಂಬುದು ಕಥಾನಾಯಕನಿಗೆ ಚಿತ್ರಕ್ಕಾಗಿ ಇಟ್ಟ ಹೆಸರು. ಆತನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಕೆನಡಾದ ಉತ್ತರ ಭಾಗದ ಇನ್ಯೂಟ್ ಜನ ಆ ಹೊತ್ತಿಗೆ ಬೇಟೆಗೆ ಬಂದೂಕು ಬಳಸುತ್ತಿದ್ದರು. ಚಿತ್ರದಲ್ಲಿ ಮಾತ್ರ ಹಿಂದಿನ ತಲೆಮಾರಿನ ಈಟಿ. ಹಣ ಹಾಕಿದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ರೆವಿಯೋಂ ಫ್ರೇರ್ ಕಂಪನಿ.

ಇದನ್ನು ಕೇಳಿದೊಡನೆ ‘ಹಾಗಾದರೆ ಎಲ್ಲವೂ ಸುಳ್ಳೇ?’ ಎನ್ನುತ್ತಾರೆ. ಸಾಕ್ಷ್ಯಚಿತ್ರಗಳ ಬಗೆಗಿನ ಚರ್ಚೆ ಬಹಳಷ್ಟು ಸಲ ಈ ನಿಜ–ಸುಳ್ಳಿನ ತಕರಾರಿನಲ್ಲೇ ಮುಗಿದುಹೋಗುತ್ತದೆ. ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಒಬ್ಬ ಮನುಷ್ಯನ ಬಡತನ, ರೋಗ, ಹೋರಾಟ, ಅಳು ಎಲ್ಲವನ್ನೂ ಪಡೆದುಕೊಂಡು ಚಿತ್ರ ಮಾಡಿದ ಮೇಲೆ ಆ ಋಣ ಹೇಗೆ ತೀರುತ್ತದೆ? ಚಿತ್ರಕ್ಕೆ ಪ್ರಶಸ್ತಿ ಬರುತ್ತದೆ, ನಿರ್ದೇಶಕರಿಗೆ ಹೆಸರು ಬರುತ್ತದೆ, ನಮ್ಮ ಕಣ್ಣು ತೇವವಾಗುತ್ತದೆ. ಅವರಿಗೆ?

[ದೃಶ್ಯ: ಶಾಲೆಯ ಆವರಣದಲ್ಲಿ ಆಡುತ್ತಿರುವ ಮಕ್ಕಳು]

1964ರಲ್ಲಿ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ಏಳು ವರ್ಷದ 14 ಮಕ್ಕಳನ್ನು ಸಂದರ್ಶಿಸಿತು. ಸಿರಿವಂತರ ಮಕ್ಕಳೂ ಇದ್ದರು, ದುಡಿಯುವ ವರ್ಗದವರೂ ಇದ್ದರು, ಮಕ್ಕಳ ಆಶ್ರಮದಲ್ಲಿ ಬೆಳೆಯುತ್ತಿದ್ದವರೂ ಇದ್ದರು. ಹುಟ್ಟಿದ ಮನೆಯೇ ಮನುಷ್ಯನ ಹಣೆಬರಹವನ್ನು ಎಷ್ಟರ ಮಟ್ಟಿಗೆ ಬರೆದುಬಿಡುತ್ತದೆ ಎಂದು ತೋರಿಸುವುದು ಉದ್ದೇಶ. ‘ಅಪ್’ ಎಂಬ ಆ ಸರಣಿಯ ಮೊದಲ ಕಂತಿಗೆ ಸಂಶೋಧಕರಾಗಿ ಕೆಲಸ ಮಾಡಿದ ಮೈಕೆಲ್ ಆಪ್ಟೆಡ್ ಮುಂದೆ ಪ್ರತಿ ಏಳು ವರ್ಷಕ್ಕೊಮ್ಮೆ ಅದೇ ಜನರ ಬಳಿಗೆ ಮರಳಿದರು. 14, 21, 28... ಹೀಗೆ 2019ರಲ್ಲಿ ಅವರಿಗೆ 63 ತುಂಬುವವರೆಗೆ. ಆಪ್ಟೆಡ್ 2021ರಲ್ಲಿ ತೀರಿಕೊಂಡರು.

ಈ ಸರಣಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆದರೆ ಅದರೊಳಗಿನ ಒಂದು ಸಂಗತಿ ಕೇಳಿ. ಮಕ್ಕಳಲ್ಲೊಬ್ಬ ಲಂಡನ್ನಿನ ಈಸ್ಟ್ ಎಂಡ್ ಪ್ರದೇಶದ ಚುರುಕು ಹುಡುಗ. ಅವನಿಗೆ 21 ಆದಾಗ, ಇವನು ಮುಂದೆ ಜೈಲು ಸೇರುತ್ತಾನೆ ಎಂದು ಆಪ್ಟೆಡ್ ಒಳಗೊಳಗೇ ತೀರ್ಮಾನಿಸಿದ್ದರು. ಅಪರಾಧಗಳಿಗೆ ಹೆಸರಾದ ಬೀದಿಗಳಲ್ಲಿ ಅವನನ್ನು ಓಡಾಡಿಸಿ ಚಿತ್ರೀಕರಿಸಿಟ್ಟುಕೊಂಡರು, ಮುಂದಿನ ಕಂತಿಗೆ ಬೇಕಾದೀತೆಂದು. ಅವನು ಜೈಲಿಗೆ ಹೋಗಲಿಲ್ಲ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಿಕೊಂಡು ಸಂಸಾರ ನಡೆಸಿದ. ಇದನ್ನು ಆಪ್ಟೆಡ್ ಅವರೇ ಮುಂದೆ ಒಪ್ಪಿಕೊಂಡರು. ಬಡವನ ಕಥೆ ಹೀಗೆಯೇ ಮುಗಿಯುತ್ತದೆ ಎಂಬ ನಂಬಿಕೆ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ. ಆ ನಂಬಿಕೆಯನ್ನೇ ಪ್ರಶ್ನಿಸಲು ಹೊರಟವರ ಕೈಯನ್ನೂ ಅದು ಹಿಡಿದು ನಡೆಸುತ್ತದೆ.

ಆ 14 ಮಕ್ಕಳಲ್ಲಿ ಹುಡುಗಿಯರು ನಾಲ್ವರೇ. ಅವರಲ್ಲೊಬ್ಬರು ದೊಡ್ಡವರಾದ ಮೇಲೆ, ಹೆಣ್ಣುಮಕ್ಕಳಿಗೆ ನೀವು ಕೇಳಿದ ಪ್ರಶ್ನೆಗಳೇ ಬೇರೆ ಎಂದು ಆಪ್ಟೆಡ್ ಅವರನ್ನು ಕ್ಯಾಮೆರಾದ ಮುಂದೆಯೇ ತರಾಟೆಗೆ ತೆಗೆದುಕೊಂಡರು. ಆಪ್ಟೆಡ್ ಆ ಭಾಗವನ್ನು ಕತ್ತರಿಸದೆ ಚಿತ್ರದಲ್ಲಿ ಉಳಿಸಿಕೊಂಡರು. ಋಣ ತೀರಿಸುವ ಒಂದು ಬಗೆ ಇದು ಎಂದೇ ನನ್ನ ಭಾವನೆ. ಹುಡುಗರಲ್ಲೊಬ್ಬರು 21ರ ನಂತರ ಚಿತ್ರದಲ್ಲಿ ಕಾಣಿಸಿಕೊಳ್ಳಲು ಒಪ್ಪಲೇ ಇಲ್ಲ. ಬೆಳೆದು ಅವರು ಸಾಕ್ಷ್ಯಚಿತ್ರಗಳ ನಿರ್ಮಾಪಕರಾದರು.

[ದೃಶ್ಯ: ತಿರುಗುತ್ತಿರುವ ಟೇಪ್ ರೆಕಾರ್ಡರ್]

ಚಿತ್ರವೊಂದು ಮನುಷ್ಯನಿಗೆ ಬದುಕನ್ನೇ ಮರಳಿಸಿದ ಉದಾಹರಣೆಯೂ ಇದೆ. 1976ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ರ‍್ಯಾಂಡಲ್ ಡೇಲ್ ಆಡಮ್ಸ್ ಎಂಬುವರಿಗೆ ಮರಣದಂಡನೆ ವಿಧಿಸಲಾಯಿತು. ಮುಂದೆ ಅದು ಜೀವಾವಧಿಗೆ ಇಳಿಯಿತು. ನಿರ್ದೇಶಕ ಎರಲ್ ಮೋರಿಸ್ ಟೆಕ್ಸಾಸ್‌ಗೆ ಹೋದದ್ದು ಮರಣದಂಡನೆಯ ಪ್ರಕರಣಗಳಲ್ಲಿ ಸರ್ಕಾರದ ಪರ ಸಾಕ್ಷಿ ಹೇಳುತ್ತಿದ್ದ ಮನೋವೈದ್ಯರೊಬ್ಬರ ಮೇಲೆ ಚಿತ್ರ ಮಾಡಲು. ಅಲ್ಲಿ ಆಡಮ್ಸ್ ಅವರ ಪ್ರಕರಣ ಎದುರಾಯಿತು. ಮೋರಿಸ್ ಹಿಂದೆ ಖಾಸಗಿ ಪತ್ತೇದಾರರಾಗಿ ಕೆಲಸ ಮಾಡಿದ್ದವರು. ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಮಾತಿಗೆಳೆದರು. ಅವರ ಹೇಳಿಕೆಗಳು ಎಳೆಎಳೆಯಾಗಿ ಬಿಚ್ಚಿಕೊಂಡವು. ಆಡಮ್ಸ್ ವಿರುದ್ಧ ಸಾಕ್ಷಿ ಹೇಳಿದ್ದವನೇ, ಆಡಮ್ಸ್ ನಿರಪರಾಧಿ ಎಂದು ಚಿತ್ರದ ಕೊನೆಯಲ್ಲಿ ಹೇಳುತ್ತಾನೆ. ಅವತ್ತು ಕ್ಯಾಮೆರಾ ಕೆಟ್ಟಿತ್ತು. ಹಾಗಾಗಿ ತೆರೆಯ ಮೇಲೆ ಕಾಣುವುದು ಟೇಪ್ ರೆಕಾರ್ಡರ್ ಮಾತ್ರ, ಕೇಳುವುದು ದನಿ ಮಾತ್ರ. ‘ದಿ ಥಿನ್ ಬ್ಲೂ ಲೈನ್’ 1988ರಲ್ಲಿ ಬಿಡುಗಡೆಯಾಯಿತು. 1989ರಲ್ಲಿ ಆಡಮ್ಸ್ ಹೊರಬಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಹಿತವಾಗುತ್ತಿತ್ತು. ಆದರೆ ಬಿಡುಗಡೆಯಾದ ಆಡಮ್ಸ್, ತಮ್ಮ ಜೀವನಕಥೆಯ ಹಕ್ಕು ತಮಗೇ ಬೇಕೆಂದು ಮೋರಿಸ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ವಿವಾದ ರಾಜಿಯಲ್ಲಿ ಇತ್ಯರ್ಥವಾಯಿತು. ಇದನ್ನು ಕೃತಘ್ನತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷ ಕಳೆದುಕೊಂಡ ಮನುಷ್ಯನಲ್ಲಿ ಉಳಿದಿದ್ದ ಆಸ್ತಿಯೆಂದರೆ ಆ ಕಥೆಯೊಂದೇ.

ಹಾಗಾದರೆ ಒಪ್ಪಿಗೆ ಎಂದರೇನು? ಚಿತ್ರೀಕರಣಕ್ಕೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಆದರೆ ಸಹಿ ಹಾಕುವ ಹೊತ್ತಿಗೆ ಚಿತ್ರ ಹೇಗಿರುತ್ತದೆಂದು ನಿರ್ದೇಶಕರಿಗೇ ಗೊತ್ತಿರುವುದಿಲ್ಲ. ಸಾಕ್ಷ್ಯಚಿತ್ರ ನಿಜವಾಗಿ ಹುಟ್ಟುವುದು ಸಂಕಲನದ ಮೇಜಿನ ಮೇಲೆ. ಷಿಕಾಗೋದ ಇಬ್ಬರು ಕಪ್ಪು ಹುಡುಗರ ಬ್ಯಾಸ್ಕೆಟ್‌ಬಾಲ್ ಕನಸನ್ನು ಹಿಂಬಾಲಿಸಿದ ‘ಹೂಪ್ ಡ್ರೀಮ್ಸ್’ ತಂಡ ಐದು ವರ್ಷ ಚಿತ್ರೀಕರಿಸಿ ಸುಮಾರು 250 ಗಂಟೆಗಳ ದೃಶ್ಯ ಕೂಡಿಸಿತ್ತು. 1994ರಲ್ಲಿ ತೆರೆಗೆ ಬಂದದ್ದು ಮೂರು ಗಂಟೆಗೂ ಕಡಿಮೆ. ಯಾವ ಜಗಳ ಉಳಿಯಬೇಕು, ಯಾವ ನಗು ಹೋಗಬೇಕು ಎಂದು ನಿರ್ಧರಿಸುವ ಕೋಣೆಯಲ್ಲಿ ಆ ಬದುಕು ಬದುಕಿದವರು ಇರುವುದಿಲ್ಲ. ಅದಕ್ಕೇ ಅನೇಕ ನಿರ್ದೇಶಕರು ಕರಡು ಸಂಕಲನವನ್ನು ಮೊದಲು ಅವರಿಗೆ ತೋರಿಸುತ್ತಾರೆ. ಎಲ್ಲರೂ ತೋರಿಸಬೇಕು.

ಹಣದ ಮಾತೂ ಇದೆ. ಚಿತ್ರದ ವ್ಯಕ್ತಿಗಳಿಗೆ ಹಣ ಕೊಟ್ಟರೆ ಸತ್ಯಕ್ಕೆ ಬೆಲೆ ಕಟ್ಟಿದಂತೆ ಎಂಬ ಹಳೆಯ ನಿಯಮ ಪತ್ರಿಕೋದ್ಯಮದಿಂದ ಬಂದದ್ದು. ‘ಹೂಪ್ ಡ್ರೀಮ್ಸ್’ ಚಿತ್ರೀಕರಣದ ವೇಳೆ ಒಬ್ಬ ಹುಡುಗನ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಂಡಿತು. ತಂಡ ಆ ಕತ್ತಲೆಯನ್ನು ಚಿತ್ರೀಕರಿಸಿತು, ಮತ್ತೆ ಸಂಪರ್ಕ ಪಡೆಯಲು ಹಣದ ನೆರವನ್ನೂ ಕೊಟ್ಟಿತು. ಮುಂದೆ ಬಂದ ಆದಾಯದಲ್ಲಿ ಎರಡೂ ಕುಟುಂಬಗಳಿಗೆ ಪಾಲು ಸಿಕ್ಕಿತು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

[ದೃಶ್ಯ: ಮೊಬೈಲ್ ಹಿಡಿದು ವರದಿ ಮಾಡುತ್ತಿರುವ ಮಹಿಳೆ]

ಈಗಿನ ಕಾಲದಲ್ಲಿ ಚಿತ್ರದೊಳಗಿನವರು ಸುಮ್ಮನಿರುವುದಿಲ್ಲ, ಅದು ಒಳ್ಳೆಯದು. ಉತ್ತರ ಪ್ರದೇಶದಲ್ಲಿ 2002ರಲ್ಲಿ ಆರಂಭವಾದ ‘ಖಬರ್ ಲಹರಿಯಾ’, ಗ್ರಾಮೀಣ ಮಹಿಳೆಯರೇ ನಡೆಸುವ ಸುದ್ದಿಸಂಸ್ಥೆ. ಅದರ ದಲಿತ ವರದಿಗಾರ್ತಿಯರ ಕುರಿತ ‘ರೈಟಿಂಗ್ ವಿತ್ ಫೈರ್’ 2022ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಸಮಾರಂಭಕ್ಕೆ ಮೊದಲೇ ಸಂಸ್ಥೆ ಒಂದು ಹೇಳಿಕೆ ಹೊರಡಿಸಿತು. ಚಿತ್ರ ಮನಮುಟ್ಟುವಂತಿದೆ; ಆದರೆ ಒಂದೇ ಪಕ್ಷದ ಕುರಿತ ವರದಿಗಾರಿಕೆಯೇ ನಮ್ಮ ಕೆಲಸ ಎಂಬಂತೆ ತೋರಿಸಿರುವುದು ನಿಖರವಲ್ಲ ಎಂಬುದು ಅದರ ಸಾರ. ಇಡೀ ಜಗತ್ತು ಹೊಗಳುತ್ತಿರುವಾಗ ‘ಇದು ಪೂರ್ತಿ ನಾವಲ್ಲ’ ಎನ್ನಲು ಗಟ್ಟಿತನ ಬೇಕು. ಆ ಹೇಳಿಕೆಯನ್ನೂ ಓದದೆ ಆ ಚಿತ್ರವನ್ನು ನೋಡಿದರೆ ಅರ್ಧ ನೋಡಿದಂತೆ.

ನಲವತ್ತು ವರ್ಷಗಳ ಹಿಂದೆ ನಮ್ಮಲ್ಲೇ ಒಂದು ತಂಡ ಬೇರೆ ದಾರಿ ಹಿಡಿದಿತ್ತು. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಅವರಿದ್ದ ‘ಯುಗಾಂತರ್’ ತಂಡ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದ ಕಾಲ. ತಂಡ ಅವರ ಜೊತೆ ನಾಲ್ಕು ತಿಂಗಳು ಕಳೆಯಿತು. ಎಲ್ಲಿ, ಏನನ್ನು ಚಿತ್ರೀಕರಿಸಬೇಕು ಎಂಬುದರಲ್ಲಿ ಆ ಹೆಂಗಸರೇ ದಾರಿ ತೋರಿಸಿದರು. ಹೊರಗಿನವರು ಕಂಡಿರದ ಕಾರ್ಖಾನೆಯ ಒಳಭಾಗ, ದುಡಿಮೆಯ ಪಾಡು, ಸಂಘದ ಚರ್ಚೆ, ಎಲ್ಲವೂ ಅವರ ಮಾತಿನಲ್ಲೇ ಬಂತು. 1982ರ ಆ ಮರಾಠಿ ಚಿತ್ರದ ಹೆಸರು ‘ತಂಬಾಖು ಚಾಕಿಲಾ ಊಬ್ ಆಲಿ’. ಅಲ್ಲಿ ಯಾರೂ ನಮ್ಮ ಕರುಣೆಗಾಗಿ ಕಾಯುತ್ತಿಲ್ಲ; ತಮ್ಮ ಮುಂದಿನ ಹೆಜ್ಜೆ ಯಾವುದೆಂದು ತಾವೇ ವಾದಿಸುತ್ತಿದ್ದಾರೆ.

ಸಾಕ್ಷ್ಯಚಿತ್ರಗಳನ್ನು ಎಲ್ಲಿಂದ ನೋಡಲು ಆರಂಭಿಸಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದೇ ಚಿತ್ರವನ್ನು. ಸುಮಾರು 25 ನಿಮಿಷವಷ್ಟೇ. ಆಮೇಲೆ ‘ಹೂಪ್ ಡ್ರೀಮ್ಸ್’ಗೆ ಒಂದು ಇಡೀ ಸಂಜೆಯನ್ನು ಎತ್ತಿಡಿ.